ಹತ್ತು ಜನರ ಮನೆಯ ನೆಲಮಹಡಿ: ಈ ನಕ್ಷೆಯಲ್ಲಿ ಏನು ತಪ್ಪಿದೆ?

ಹೊಸಪಾಯ

ಮೂರು ತಲೆಮಾರಿನ ಹತ್ತು ಜನರಿಗೆ ಎರಡು ಮಹಡಿಯ ಮನೆ. ಹಿರಿಯರು ಇಬ್ಬರು, ಅವರಲ್ಲಿ ಒಬ್ಬರದು ವಾಕರ್ ಹಿಡಿದ ನಡಿಗೆ. ದುಡಿಯುವವರು ನಾಲ್ವರು. 3ರಿಂದ 14 ವರ್ಷದ ಮಕ್ಕಳು ನಾಲ್ವರು. ನೆಲಮಹಡಿಯ ಹೊರಗೋಡೆಗಳ ಒಳಗಿನ ಅಳತೆ 13 × 10.5 ಮೀ. ಮಹಡಿಯಿಂದ ಮಹಡಿಗೆ 3.15 ಮೀ. ಪಾಯ ಇನ್ನೂ ತೆಗೆದಿಲ್ಲ, ಒಳಗೋಡೆ ಎಲ್ಲಿಗೆ ಬೇಕಾದರೂ ಸರಿಸಬಹುದು.

ಈಗಿನ ನಕ್ಷೆ: ಮುಂಬಾಗಿಲು ತೆರೆದರೆ ನೇರ ಹಾಲ್, 6.5 × 5 ಮೀ. ಅದರ ಹಿಂದೆ ಮನೆಯ ನಟ್ಟನಡುವೆ ಊಟದ ಜಾಗ, 4 × 3.2. ಅದಕ್ಕೆ ನಾಲ್ಕು ಬಾಗಿಲು: ಹಾಲ್‌ಗೆ, ಅಡುಗೆಮನೆಗೆ, ಹಿರಿಯರ ಕೋಣೆಗೆ, ಬಚ್ಚಲಿಗೆ. ಅಡುಗೆಮನೆ 3.6 × 3. ಮೆಟ್ಟಿಲು ಹಾಲ್‌ನ ಬಲಗಡೆ, ಮಧ್ಯದಲ್ಲಿ ತಿರುಗುವಂಥದ್ದು. ತಿರುವಿನ ಕೆಳಗೆ ಅತಿಥಿಗಳ ಶೌಚಾಲಯ. ವಾಷಿಂಗ್ ಮಷೀನ್ ಅಡುಗೆಮನೆಯ ಸಿಂಕ್ ಪಕ್ಕ. ಹಾಲ್ ದೊಡ್ಡದಿರಬೇಕು ಎಂಬುದು ಎಲ್ಲರ ಆಸೆ. ಮುಲಾಜಿಲ್ಲದೆ ಹೇಳಿ.

ಗೆರೆನಕ್ಷೆ

ಹಾಲ್ ಆಮೇಲೆ. ಮೊದಲು ಈ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಐದು ದಾರಿ ಎಳೆಯಿರಿ. ಸಾಮಾನು ಹೊತ್ತು ಮುಂಬಾಗಿಲಿಂದ ಅಡುಗೆಮನೆಗೆ. ಅಡುಗೆಮನೆಯಿಂದ ಊಟದ ಮೇಜಿಗೆ. ರಾತ್ರಿ ಎರಡು ಗಂಟೆಗೆ ಹಿರಿಯರ ಮಂಚದಿಂದ ಬಚ್ಚಲಿಗೆ. ಮುಂಬಾಗಿಲಿಂದ ಮೆಟ್ಟಿಲಿಗೆ. ಬಟ್ಟೆಬುಟ್ಟಿ ಹಿಡಿದು ಮೆಟ್ಟಿಲಿಂದ ವಾಷಿಂಗ್ ಮಷೀನ್‌ಗೆ. ಐದರಲ್ಲಿ ನಾಲ್ಕು ಊಟದ ಜಾಗಕ್ಕೇ ಬಂದು ಬೀಳುತ್ತವೆ. ನೀವು ಬರೆದಿರುವುದು ಊಟದ ಕೋಣೆಯಲ್ಲ, ಮೇಜು ಇಟ್ಟ ಪ್ಯಾಸೇಜ್.

ಲೆಕ್ಕ ನೋಡಿ. ಒಬ್ಬರು ಕೂರಲು ಮೇಜಿನ ಅಂಚಿನಲ್ಲಿ 60 ಸೆಂ.ಮೀ. ಬೇಕು. ಉದ್ದದ ಎರಡು ಬದಿಗೆ ನಾಲ್ಕು ನಾಲ್ಕು ಜನ, ತುದಿಗೆ ಒಬ್ಬೊಬ್ಬರು ಅಂದರೆ 240 × 100ರ ಮೇಜು. ಕುರ್ಚಿ ಹಿಂದೆ ಸರಿಸಿ ಏಳಲು ಮೇಜಿನ ಅಂಚಿನಿಂದ ಗೋಡೆಗೆ 80–90 ಸೆಂ.ಮೀ.; ಕೂತವರ ಬೆನ್ನ ಹಿಂದೆ ಇನ್ನೊಬ್ಬರು ಪಾತ್ರೆ ಹಿಡಿದು ಹಾಯಬೇಕಾದರೆ 110. ನಿಮ್ಮ 4 ಮೀ. ಉದ್ದದಲ್ಲಿ ಎರಡೂ ತುದಿಗೆ ಉಳಿಯುವುದು 80. ತುದಿಯಲ್ಲಿ ಕೂತವರು ಏಳಬಹುದು, ಅವರ ಹಿಂದೆ ಯಾರೂ ದಾಟಲಾರರು. ಅಗಲದಲ್ಲಿ 110 ಸಿಗುತ್ತದೆ, ಆದರೆ ಅಲ್ಲಿಗೇ ಬಾಗಿಲ ರೆಕ್ಕೆ ಬೀಸುತ್ತದೆ. ಒಂದು ಬಾಗಿಲು ಚೌಕಟ್ಟು ಸೇರಿ ಹತ್ತಿರ ಹತ್ತಿರ ಒಂದು ಮೀಟರ್ ಗೋಡೆ ನುಂಗುತ್ತದೆ. ನಾಲ್ಕು ಬಾಗಿಲಾದರೆ 14.4 ಮೀ. ಸುತ್ತಳತೆಯಲ್ಲಿ ನಾಲ್ಕು ಮೀಟರ್ ಹೋಯಿತು. ಪಾತ್ರೆ ಬೀರು ಎಲ್ಲಿಡುತ್ತೀರಿ?

ಊಟದ ಕೋಣೆಯನ್ನು ಹೊರಗೋಡೆಯ ಮೂಲೆಗೆ ತಳ್ಳಿ, 4.8 × 3.6 ಕೊಡಿ, ಬಾಗಿಲು ಎರಡೇ ಇರಲಿ. ಉಳಿದ ದಾರಿಗಳಿಗೆ ಬೇರೆಯೇ ಪ್ಯಾಸೇಜ್, 110–120 ಅಗಲ. "ಪ್ಯಾಸೇಜ್ ದಂಡದ ಜಾಗ" ಅನ್ನುವ ಮಾತು ನಾಲ್ಕು ಜನರ ಮನೆಗೆ ಸರಿ. ಹತ್ತು ಜನ ಇರುವಲ್ಲಿ ಪ್ಯಾಸೇಜ್ ತೆಗೆದುಹಾಕಿದರೆ ಕೋಣೆಗಳೇ ಪ್ಯಾಸೇಜ್ ಆಗುತ್ತವೆ.

ರಸಮಟ್ಟ

ತಿರುವಿನ ಕೆಳಗಿನ ಶೌಚಾಲಯ ಆಗೋದಿಲ್ಲ. 3.15 ಮೀ. ಏರಲು 17.5 ಸೆಂ.ಮೀ. ಎತ್ತರದ 18 ಮೆಟ್ಟಿಲು. ತಿರುವು ಒಂಬತ್ತನೇದಕ್ಕೆ ಬರುತ್ತೆ, ಅಂದರೆ 157.5. ಸ್ಲ್ಯಾಬ್ ದಪ್ಪ 15 ಕಳೆದರೆ ಕೆಳಗೆ ಸಿಗೋದು 142. ಅದರಲ್ಲಿ ನಿಲ್ಲೋಕೂ ಆಗಲ್ಲ.

ಮೆಟ್ಟಿಲ ಕೆಳಗೇ ಬೇಕು ಅಂತಾದರೆ ತಿರುವಿನ ನಂತರದ ಎರಡನೇ ಏರಿನ ಕೆಳಗೆ ಮಾಡಿ. ಮೆಟ್ಟಿಲಲ್ಲಿ ಕಾಲಿಡುವ ಪಟ್ಟಿಯ ಅಗಲ 28 ಇಟ್ಟರೆ ಎರಡು ಮೆಟ್ಟಿಲ ಎತ್ತರ ಮತ್ತು ಒಂದು ಪಟ್ಟಿ ಕೂಡಿ 63, ಕಾಲಿಗೆ ಹಿತವಾದ ಲೆಕ್ಕ. ಮೆಟ್ಟಿಲನ್ನು ಹೊತ್ತ ಓರೆ ಸ್ಲ್ಯಾಬಿನ ಲಂಬ ದಪ್ಪ 18 ಅಂತ ಹಿಡಿಯಿರಿ. ಹನ್ನೆರಡನೇ ಮೆಟ್ಟಿಲ ಬುಡದಲ್ಲಿ ಕೆಳಗಿನ ಎತ್ತರ 11 × 17.5 − 18 = 174. ಹದಿನಾಲ್ಕನೇದರ ಬುಡದಲ್ಲಿ 209. ಕಮೋಡ್‌ನ ಬೆನ್ನು ಹನ್ನೆರಡನೇದರ ಕೆಳಗೆ ಬಂದರೆ, ಮನುಷ್ಯ ನಿಲ್ಲುವ ಕಡೆ ತಲೆಗೆ 210ರ ಮೇಲೆ ಸಿಗುತ್ತೆ. ಹನ್ನೆರಡರಿಂದ ಹದಿನೆಂಟಕ್ಕೆ ಆರು ಪಟ್ಟಿ, 168 ಸೆಂ.ಮೀ. ಉದ್ದ. ಸಣ್ಣ ಶೌಚಾಲಯಕ್ಕೆ ಸಾಕು. ತಿರುವಿನಡಿಯ 142 ಎತ್ತರದ ಗೂಡು ಸೂಟ್‌ಕೇಸ್, ಮಡಚುವ ಕುರ್ಚಿ ಇಡೋಕೆ.

ಇನ್ನೊಂದು: 6.5 ಮೀ. ಹಾಲ್ ಕಂಬವಿಲ್ಲದೆ ದಾಟಿಸೋಕೆ ಬೀಮ್ ಆಳ ಅಂದಾಜು ಉದ್ದದ ಹನ್ನೆರಡನೇ ಒಂದು, ಅಂದರೆ 55 ಸೆಂ.ಮೀ. 3.15ರಲ್ಲಿ 55 ಹೋದರೆ 2.60, ನೆಲದ ಕಾಂಕ್ರೀಟು ಟೈಲು 5 ಹೋದರೆ 2.55. ದೊಡ್ಡ ಹಾಲ್, ಆದರೆ ತಲೆ ಮೇಲೆ ತೊಲೆ ಕೂತ ಹಾಗೆ. ಕೊನೆ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್‌ದು, ಇದು ಅಂದಾಜು.

ಉಳಿಬಾಚಿ

3.6 × 3ರ ಅಡುಗೆಮನೆಯಲ್ಲಿ ಹತ್ತು ಜನರಿಗೆ ಅಡುಗೆ ಮಾಡಬಹುದು, ಆದರೆ ಒಬ್ಬರೇ ಮಾಡಬೇಕು. ಇಬ್ಬರು ಬೆನ್ನಿಗೆ ಬೆನ್ನು ತಾಗದೆ ಓಡಾಡಲು ಎರಡು ಕಟ್ಟೆಗಳ ನಡುವೆ 120 ಬೇಕು. ಒಬ್ಬರಿಗಾದರೆ 105. ಇದನ್ನು 150ಕ್ಕಿಂತ ಹಿಗ್ಗಿಸುವುದೂ ಕೆಟ್ಟದ್ದೇ: ಬಿಸಿ ಪಾತ್ರೆ ಹಿಡಿದು ತಿರುಗಿ ಇಡುವ ಕೆಲಸ ಹೋಗಿ, ನಡೆದು ಇಡುವ ಕೆಲಸವಾಗುತ್ತದೆ.

ನನ್ನ ಸಲಹೆ 4.5 × 3.6. ಹಿಂದಿನ ಹೊರಗೋಡೆಗೆ 60 ಆಳದ ಕಟ್ಟೆ, 120 ಓಡಾಟ, ನಡುಕಟ್ಟೆ 240 × 90, ಅದರಾಚೆ 90 ದಾರಿ. ಕೂಡಿದರೆ ಸರಿಯಾಗಿ 360. ಹಿಂಗಟ್ಟೆಯ 450ರ ಹಂಚಿಕೆ ಎಡದಿಂದ: ಊಟದ ಕೋಣೆಯ ಕಡೆ ಸಣ್ಣ ಸಿಂಕ್ 60, ಖಾಲಿ ಕಟ್ಟೆ 60, ಒಲೆ 75, ಹೆಚ್ಚುವ ಕಲಸುವ ಕಟ್ಟೆ 90, ದೊಡ್ಡ ಸಿಂಕ್ 90, ಡಿಶ್‌ವಾಷರ್ 60. ಒಟ್ಟು 435. ಉಳಿದ 15ನ್ನು ಎರಡು ತುದಿಗೆ ಫಿಲ್ಲರ್ ಪಟ್ಟಿಯಾಗಿ ಹಂಚಿ. ಆ ಪಟ್ಟಿ ಬಿಡದಿದ್ದರೆ ಗೋಡೆಗಂಟಿದ ಡ್ರಾಯರ್ ಕಿಟಕಿಯ ಚೌಕಟ್ಟಿಗೋ ಬಾಗಿಲ ಹಿಡಿಗೋ ಬಡಿಯುತ್ತದೆ.

ನೀರು ಕುಡಿಯಲು, ಲೋಟ ತೊಳೆಯಲು ಬರುವವರೆಲ್ಲ ಎಡತುದಿಯ ಸಣ್ಣ ಸಿಂಕ್‌ಗೇ ಬರಲಿ ಎಂಬುದು ಉದ್ದೇಶ. ಒಲೆಯ ಮುಂದೆ ಮಕ್ಕಳು ಅಡ್ಡಾಡುವುದು ತಪ್ಪುತ್ತದೆ. ಫ್ರಿಜ್ ಕೂಡ ಅಡುಗೆಮನೆಯ ಅಂಚಿನಲ್ಲಿರಬೇಕು, ಮಧ್ಯದಲ್ಲಲ್ಲ. ಗೋಡೆಯಲ್ಲಿ 90 ಅಗಲ, 75 ಆಳದ ಗೂಡು ಬಿಡಿ. ಫ್ರಿಜ್‌ನ ಬಾಗಿಲು 90 ಡಿಗ್ರಿ ತೆರೆದರೂ ಒಳಗಿನ ತರಕಾರಿ ಡಬ್ಬ ಹೊರಬರಲು ಇನ್ನೂ ಸ್ವಲ್ಪ ತಿರುಗಬೇಕಾಗುತ್ತದೆ. ಹಾಗಾಗಿ ಕೀಲಿನ ಕಡೆ ಗೋಡೆಗೆ 5–10 ಸೆಂ.ಮೀ. ಬಿಟ್ಟಿರಬೇಕು.

ಒಲೆಯ ಮೇಲಿನ ಚಿಮಣಿ ಹಿಂಗೋಡೆಯಿಂದ ನೇರ ಹೊರಗೆ ಹೋಗಲಿ. 150 ಮಿ.ಮೀ. ಡಕ್ಟ್, ಆದಷ್ಟು ಒಂದೇ ತಿರುವು. ಡಕ್ಟ್ ಉದ್ದವಾಗಿ ಮೂರು ಕಡೆ ತಿರುಗಿದರೆ ಫ್ಯಾನ್ ಸದ್ದು ಮಾಡುತ್ತದೆ, ಹೊಗೆ ಎಳೆಯುವುದಿಲ್ಲ.

ಬೆಳಕಿಂಡಿ

ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗೋಡೆಯೇ ಬೇಡ ಅಂತ ನಾನು ಹೇಳ್ತೀನಿ. ಕಿಟಕಿಯ ಮೇಲಂಚು 2.1 ಮೀ. ಇದ್ದರೆ ಕೆಲಸಕ್ಕೆ ಬರುವ ಹಗಲುಬೆಳಕು ಒಳಗೆ ಬರೋದು ಅದರ ಎರಡು, ಎರಡೂವರೆ ಪಟ್ಟು ದೂರಕ್ಕೆ, ಅಂದರೆ ನಾಲ್ಕರಿಂದ ಐದು ಮೀಟರ್. ಈಗಿನ ನಕ್ಷೆಯ ಊಟದ ಜಾಗಕ್ಕೆ ಹೊರಗೋಡೆಯೇ ಇಲ್ಲ, ನಡುಮಧ್ಯಾಹ್ನವೂ ದೀಪ ಹಾಕಬೇಕು. ಎರಡೂ ಕೋಣೆ ಹಿಂದಿನ ಸಾಲಿಗೆ ಬಂದು ನಡುವಿನ ಗೋಡೆ ತೆಗೆದರೆ 9 ಮೀ. ಉದ್ದಕ್ಕೆ ಬೆಳಕೂ ಗಾಳಿಯೂ ಒಂದೇ.

ಉಳಿಬಾಚಿ

ಬೆಳಕು ಸರಿ, ಸದ್ದು ಏನು ಮಾಡ್ತೀರಿ? ಮಿಕ್ಸರ್, ಚಿಮಣಿ, ಪಾತ್ರೆ ತೊಳೆಯುವ ಸದ್ದು ಒಂದು ಕಡೆ, ಅದೇ ಮೇಜಿನ ಮೇಲೆ ಮಗು ಪಾಠ ಓದುವುದು ಇನ್ನೊಂದು ಕಡೆ. ಜಿಡ್ಡಿನ ಹಬೆ ಪರದೆ, ಕುರ್ಚಿಯ ಬಟ್ಟೆಗೆಲ್ಲ ಹತ್ತುತ್ತದೆ. ಗೋಡೆ ಇರಲಿ, ಅದರಲ್ಲಿ 1.8 ಮೀ. ಅಗಲದ ತೆರಪು, ಎರಡು ರೆಕ್ಕೆಯ ಗಾಜಿನ ಸರಿಯುವ ಬಾಗಿಲು. ರೆಕ್ಕೆಗಳು ಗೋಡೆಯ ಮೇಲೆ ಸರಿದು ನಿಲ್ಲಲು ಎರಡೂ ಬದಿ 90 ಸೆಂ.ಮೀ. ಖಾಲಿ ಗೋಡೆ ಬೇಕು. 3.6ರ ಗೋಡೆಯಲ್ಲಿ 1.8 ತೆರಪು, ಬದಿಗೆ 90, 90, ಲೆಕ್ಕಕ್ಕೆ ಸರಿ. ಆದರೆ ಹಿಂಗಟ್ಟೆ ಆ ಗೋಡೆಗೆ 60 ತಾಗುತ್ತದೆ. ಆದ್ದರಿಂದ ರೆಕ್ಕೆ ಸರಿಯುವುದು ಊಟದ ಕೋಣೆಯ ಮಗ್ಗುಲಲ್ಲಿರಲಿ, ಆ 90ರಲ್ಲಿ ಅಲ್ಲಿ ಸ್ವಿಚ್ ಬೋರ್ಡ್ ಹಾಕಿಸಬೇಡಿ. ಇದು ಮರೆತುಹೋಗುವುದೇ ಹೆಚ್ಚು.

ಬೆಳಕಿಂಡಿ

ಗಾಜು ಅಂದಮೇಲೆ ನನ್ನ ತಕರಾರು ಅರ್ಧ ಮುಗಿಯಿತು. ಗಾಳಿಗೆ ಬಾಗಿಲ ಮೇಲೆ ತೆರೆಯುವ ಕಿಂಡಿ ಇಡಿಸಿ, ಅಷ್ಟು ಸಾಕು.

ಊರುಗೋಲು

ಹಿರಿಯರ ಕೋಣೆಯ ಬಗ್ಗೆ ಯಾರೂ ಇನ್ನೂ ಮಾತಾಡಿಲ್ಲ, ಪಾಯ ಮುಗಿದ ಮೇಲೆ ಸರಿಪಡಿಸಲಾಗದ ಭಾಗ ಅದೇ.

ಬಚ್ಚಲು ಕೋಣೆಯೊಳಗಿಂದಲೇ ಇರಬೇಕು. ಈಗಿನ ನಕ್ಷೆಯಲ್ಲಿ ವಾಕರ್ ಹಿಡಿದವರು ಕತ್ತಲಲ್ಲಿ ಕುರ್ಚಿಗಳ ನಡುವೆ ಹಾದು ಹೋಗಬೇಕು. ಬಚ್ಚಲ ಅಳತೆ 2.4 × 2.1. ಇಂದು ವಾಕರ್, ಮುಂದೆ ಗಾಲಿಕುರ್ಚಿ ಆಗಬಹುದು; ಅದು ತಿರುಗಲು 150 ಸೆಂ.ಮೀ. ವ್ಯಾಸದ ಖಾಲಿ ನೆಲ ಬೇಕು. ಶವರ್ ಜಾಗಕ್ಕೆ ಕಟ್ಟೆ ಕಟ್ಟದೆ ಬಿಟ್ಟರೆ ಅದೂ ಆ ವೃತ್ತದೊಳಗೆ ಸೇರಿಕೊಳ್ಳುತ್ತದೆ. ನೆಲದ ವಾಟ 1:50, ಜಾಲರಿ ಶವರ್ ಮೂಲೆಯಲ್ಲಿ. ಮೀಟರಿಗೆ ಎರಡು ಸೆಂ.ಮೀ. ಇಳಿದರೆ ನೀರು ಕೋಣೆಗೆ ಬರುವುದಿಲ್ಲ, ಹೊಸ್ತಿಲೂ ಬೇಕಿಲ್ಲ. ಹೊಸ್ತಿಲು ಇಡಲೇಬೇಕಾದರೆ 12 ಮಿ.ಮೀ. ದಾಟಬಾರದು, ಅಂಚು ಸವರಿರಬೇಕು.

ಬಾಗಿಲು: ತೆರೆದ ಮೇಲೆ ರೆಕ್ಕೆಗೂ ಎದುರು ಚೌಕಟ್ಟಿಗೂ ನಡುವೆ ಸಿಗುವ ಜಾಗ 82 ಸೆಂ.ಮೀ. ಇರಬೇಕು. ರೆಕ್ಕೆಯ ಅಗಲವನ್ನು ಅಳೆದು ಸಾಕು ಅಂದುಕೊಳ್ಳುವವರೇ ಹೆಚ್ಚು. ರೆಕ್ಕೆಯ ದಪ್ಪ, ಚೌಕಟ್ಟಿನ ತಡೆಪಟ್ಟಿ ಅದರಲ್ಲಿ ಕಳೆದುಹೋಗುತ್ತವೆ. 90ರ ರೆಕ್ಕೆ ಹಾಕಿ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ ಅಥವಾ ಸರಿಯುವಂತಿರಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ದೇಹವೇ ತಡೆದುಬಿಡುತ್ತದೆ.

ಕಮೋಡ್‌ನ ನಡುಗೆರೆ ಪಕ್ಕದ ಗೋಡೆಯಿಂದ 45 ಸೆಂ.ಮೀ. ದೂರ, ಹಿಡಿಕಂಬಿ 84–90 ಎತ್ತರದಲ್ಲಿ. ಟೊಳ್ಳು ಇಟ್ಟಿಗೆಯ ಗೋಡೆಗೆ ಹಿಡಿಕಂಬಿಯ ಬೋಲ್ಟ್ ನಿಲ್ಲುವುದಿಲ್ಲ. ಆ ಎತ್ತರದಲ್ಲಿ ಒಂದು ಪಟ್ಟಿಯಷ್ಟು ಗಟ್ಟಿ ಇಟ್ಟಿಗೆಯೋ ಕಾಂಕ್ರೀಟೋ ಈಗಲೇ ಹಾಕಿಸಿ, ಟೈಲು ಹಚ್ಚುವ ಮೊದಲು ಫೋಟೋ ತೆಗೆದಿಡಿ.

ಮಂಚದ ಎರಡೂ ಬದಿ 90 ಬಿಡಿ. ಮನೆಯ ಪ್ಲಿಂತ್, ಅಂದರೆ ಅಂಗಳದಿಂದ ಮನೆಯ ನೆಲದ ಎತ್ತರ, ಎಷ್ಟು? 45 ಸೆಂ.ಮೀ. ಅಂತಾದರೆ ಇಳಿಜಾರು ದಾರಿ 1:12ರಲ್ಲಿ 5.4 ಮೀ. ಉದ್ದವಾಗುತ್ತದೆ, ಮೇಲೆ ಕೆಳಗೆ 150ರ ಸಮತಟ್ಟು ಬೇರೆ. ಅದಕ್ಕೆ ಹೊರಗೆ ಜಾಗ ಇದೆಯೇ ಅಂತ ಈಗ ನೋಡಬೇಕು, ಗೃಹಪ್ರವೇಶದ ಹಿಂದಿನ ವಾರವಲ್ಲ.

ಕೊಳಾಯಿಕೀಲಿ

ನೀರಿನ ಜಾಗ ಎಲ್ಲ ಮನೆಯ ಒಂದೇ ಮಗ್ಗುಲಿಗೆ ತನ್ನಿ. ಹಿರಿಯರ ಬಚ್ಚಲು, ಬಟ್ಟೆ ಒಗೆಯುವ ಜಾಗ ಬಲ ಹೊರಗೋಡೆಗೆ, ಅಡುಗೆಮನೆ ಹಿಂದಿನ ಹೊರಗೋಡೆಗೆ. ಮೇಲ್ಮಹಡಿಯ ಬಚ್ಚಲುಗಳೂ ಇವುಗಳ ನೆತ್ತಿಯ ಮೇಲೇ ಬರಲಿ. ಊಟದ ಕೋಣೆಯ ಮೇಲೆ ಬಚ್ಚಲು ಬಂದರೆ ಸೋರುವ ಭಯ ಒಂದು, ರಾತ್ರಿ ಫ್ಲಷ್ ಮಾಡಿದಾಗ ಗೋಡೆಯೊಳಗೆ ನೀರು ಇಳಿಯುವ ಸದ್ದು ಇನ್ನೊಂದು.

ಕಮೋಡ್ ಪೈಪು 110 ಮಿ.ಮೀ., ವಾಟ 1:50. ಮೆಟ್ಟಿಲ ಕೆಳಗಿನ ಶೌಚಾಲಯ ಮನೆಯ ನಡುವೆ ಬಂದರೆ ಹೊರಗೋಡೆಗೆ ಆರೂವರೆ ಮೀಟರ್, ಅಂದರೆ 13 ಸೆಂ.ಮೀ. ಇಳಿಯಬೇಕು. ನೆಲಮಹಡಿ ಆದ್ದರಿಂದ ಮಣ್ಣಿನೊಳಗೆ ಹೋಗುತ್ತೆ, ಆಗುತ್ತೆ. ಆದರೆ ಕಟ್ಟಿಕೊಂಡ ದಿನ ಯಾವ ಕೋಣೆಯ ನೆಲ ಅಗೆಯೋದು? ನಡುವೆ ತಿರುವೇ ಬೇಡ. ತಪ್ಪದಿದ್ದರೆ 90 ಡಿಗ್ರಿ ಒಂದರ ಬದಲು 45ರ ಎರಡು ಹಾಕಿ, ಅಲ್ಲೇ ಬಿಚ್ಚುವ ಮುಚ್ಚಳ ಇರುವ ತುಂಡು ಕೂರಿಸಿ.

ನಡುಕಟ್ಟೆಗೆ ಸಿಂಕ್ ಇಡೋ ಯೋಚನೆ ಬಂದರೆ ಬಿಡಿ. ಅಲ್ಲಿ ಗಾಳಿಪೈಪು ಏರಿಸೋಕೆ ಗೋಡೆ ಇಲ್ಲ. ಗಾಳಿ ಸಿಗದ ಟ್ರ್ಯಾಪ್‌ನಿಂದ (ಸಿಂಕ್ ಕೆಳಗೆ ನೀರು ನಿಲ್ಲುವ ಬಾಗಿದ ಪೈಪು) ನೀರೆಲ್ಲ ಎಳೆದುಕೊಂಡು ಹೋಗಿ ವಾಸನೆ ಮೇಲೆ ಬರುತ್ತೆ. ಟ್ರ್ಯಾಪ್‌ನಲ್ಲಿ 50 ಮಿ.ಮೀ. ನೀರು ಯಾವಾಗಲೂ ನಿಂತಿರಬೇಕು.

ಬಿಸಿನೀರು: ಒಳವ್ಯಾಸ 16 ಮಿ.ಮೀ. ಪೈಪಿನ ಪ್ರತಿ ಮೀಟರಿನಲ್ಲಿ 0.2 ಲೀಟರ್ ನೀರು ಇರುತ್ತೆ. ಹತ್ತು ಮೀಟರ್ ದೂರದ ನಲ್ಲಿ ತಿರುಗಿಸಿದವರು ಎರಡು ಲೀಟರ್ ತಣ್ಣೀರು ಚೆಲ್ಲಿ, ನಿಮಿಷಕ್ಕೆ ಆರು ಲೀಟರ್ ಹರಿಯುತ್ತೆ ಅಂದರೆ 20 ಸೆಕೆಂಡು ಕಾಯಬೇಕು. ಹತ್ತು ಜನ, ದಿನಕ್ಕೆ ಎಷ್ಟು ಸಲ ಅಂತ ನೀವೇ ಗುಣಿಸಿಕೊಳ್ಳಿ. ಹೀಟರ್ ಬಲಮಗ್ಗುಲಲ್ಲೇ ಇರಲಿ.

ಹೊಸಪಾಯ

ಎಲ್ಲ ಸೇರಿಸಿ ಮತ್ತೆ ಬರೆದೆ. ಮೂರು ಸಾಲು ಮಾಡಿದ್ದೇನೆ: ಮುಂದಿನ ಸಾಲಿನ ಆಳ 5.6, ಮಧ್ಯೆ ಅಡ್ಡ ಪ್ಯಾಸೇಜ್ 1.1, ಹಿಂದಿನ ಸಾಲು 3.6. ನಡುವೆ 10 ಸೆಂ.ಮೀ.ಯ ಎರಡು ಗೋಡೆ. ಒಟ್ಟು 10.5.

ಹಿಂದಿನ ಸಾಲು ಎಡದಿಂದ: ಊಟದ ಕೋಣೆ 4.8, ಅಡುಗೆಮನೆ 4.5, ಕೊನೆಗೆ 3.5 ಅಗಲದ ಭಾಗದಲ್ಲಿ ಅಡುಗೆಮನೆಗೆ ಅಂಟಿದ ಉಗ್ರಾಣ, ಅದರ ಹಿಂದೆ ಹೊರಬಾಗಿಲಿರುವ ಬಟ್ಟೆ ಒಗೆಯುವ ಜಾಗ 3.5 × 1.7. ಅದಕ್ಕೆ ದಾರಿ ಪ್ಯಾಸೇಜಿನಿಂದ, ಅಡುಗೆಮನೆಯಿಂದಲ್ಲ.

ಮುಂದಿನ ಸಾಲು ಎಡದಿಂದ: 4.8 ಅಗಲದಲ್ಲಿ ಮುಂದೆ ಹಾಲ್, ಅದರ ಹಿಂದೆ ಊಟದ ಕೋಣೆಯವರೆಗೆ ಮಕ್ಕಳ ಕೋಣೆ (ಈ ಭಾಗಕ್ಕೆ ಅಡ್ಡ ಪ್ಯಾಸೇಜ್ ಬೇಕಿಲ್ಲ, ಆದ್ದರಿಂದ ಆಳ ಒಟ್ಟು 6.8: ಹಾಲ್ 4.0, ಕೋಣೆ 2.7). ನಂತರ 2.2 ಅಗಲದಲ್ಲಿ ಮುಂಬಾಗಿಲು, ಅದರ ಎದುರು ಮೆಟ್ಟಿಲು. ಅದರ ಪಕ್ಕ 1.2ರ ಉದ್ದ ಪ್ಯಾಸೇಜ್ ಹಿಂದಕ್ಕೆ ಹೋಗುತ್ತದೆ. ಕೊನೆಗೆ 4.5 ಅಗಲದಲ್ಲಿ ಹಿರಿಯರ ಕೋಣೆ 4.5 × 3.4, ಅದರ ಹಿಂದೆ ಬಲ ಹೊರಗೋಡೆಗೆ ಅವರ ಬಚ್ಚಲು 2.4 × 2.1. ಬಚ್ಚಲ ಎಡಕ್ಕೆ 2.0 × 2.1ರ ತುಂಡು ಉಳಿದಿದೆ, ಏನು ಮಾಡಬೇಕೋ ತಿಳಿಯಲಿಲ್ಲ.

ಹಾಲ್ 32.5 ಚದರ ಮೀಟರಿನಿಂದ 19.2ಕ್ಕೆ ಇಳಿದಿದೆ. ಮನೆಯಲ್ಲಿ ಗಲಾಟೆ ಆಗುವುದು ಖಚಿತ.

ಗೆರೆನಕ್ಷೆ

ಗಲಾಟೆಗೆ ಉತ್ತರ ಇಲ್ಲಿದೆ. ಎದುರುಬದುರು ಕೂತವರು ದನಿ ಏರಿಸದೆ ಮಾತಾಡುವ ದೂರ ಎರಡೂವರೆಯಿಂದ ಮೂರು ಮೀಟರ್. 4.8 ಅಗಲದಲ್ಲಿ ಎರಡು ಬದಿ 90 ಆಳದ ಸೋಫಾ ಇಟ್ಟರೆ ನಡುವೆ ಸರಿಯಾಗಿ ಮೂರು ಮೀಟರ್ ಉಳಿಯುತ್ತದೆ. ಹಳೆಯ 6.5ರ ಹಾಲ್‌ನಲ್ಲಿ ಅದು 4.7 ಆಗುತ್ತಿತ್ತು, ಕಡೆಗೆ ಎಲ್ಲರೂ ಒಂದೇ ಮೂಲೆಗೆ ಸೇರುತ್ತಿದ್ದರು. ಅದಕ್ಕಿಂತ ಮುಖ್ಯ, ಹೊಸ ಹಾಲ್‌ಗೆ ಒಂದೇ ಬಾಗಿಲು, ಅದರೊಳಗೆ ಯಾರೂ ಹಾದುಹೋಗುವುದಿಲ್ಲ. ಹಳೆಯದರಲ್ಲಿ ಮುಂಬಾಗಿಲು, ಮೆಟ್ಟಿಲು, ಊಟದ ಜಾಗ ಮೂರಕ್ಕೂ ದಾರಿ ಬಿಟ್ಟು ಸೋಫಾಕ್ಕೆ ಉಳಿಯುತ್ತಿದ್ದದ್ದು ಇಷ್ಟೇ. ಮಕ್ಕಳ ಕೋಣೆ ಬೇರೆಯಾದ್ದರಿಂದ ಟಿವಿ ಒಂದು ಕಡೆ, ಮಾತು ಒಂದು ಕಡೆ. ದೊಡ್ಡ ಕುಟುಂಬಕ್ಕೆ ಒಂದು ದೊಡ್ಡ ಹಾಲ್‌ಗಿಂತ ಬಾಗಿಲು ಮುಚ್ಚಬಹುದಾದ ಎರಡು ಸಾಧಾರಣ ಕೋಣೆ ಮೇಲು, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಉಳಿದ 2.0 × 2.1ರ ತುಂಡು ನಿಮ್ಮ ಅದೃಷ್ಟ. ಹಿರಿಯರ ಕೋಣೆಯ ಕಡೆಗೆ 60 ಆಳದ ಬಟ್ಟೆ ಬೀರು, 2 ಮೀ. ಉದ್ದ. ಆಮೇಲೆ 10ರ ಗೋಡೆ. ಹಿಂದೆ 2.0 × 1.4ರ ಅತಿಥಿ ಶೌಚಾಲಯ, ಬಾಗಿಲು ಅಡ್ಡ ಪ್ಯಾಸೇಜಿಗೆ. ಕಮೋಡನ್ನು ಹಿರಿಯರ ಬಚ್ಚಲ ಗೋಡೆಗೆ ಬೆನ್ನು ಮಾಡಿ ಕೂರಿಸಿದರೆ ಎರಡಕ್ಕೂ ಒಂದೇ ಪೈಪು ಸಾಲು. ಮಧ್ಯದ ಬೀರು ಫ್ಲಷ್ ಸದ್ದು ಮಂಚಕ್ಕೆ ಕೇಳದಂತೆ ತಡೆಯುತ್ತದೆ. ಮೆಟ್ಟಿಲ ಕೆಳಗಿನ ಶೌಚಾಲಯ ಕೈಬಿಡಿ. ರಸಮಟ್ಟ ಅವರ ಲೆಕ್ಕ ವ್ಯರ್ಥವಲ್ಲ, ಅದೇ ಎತ್ತರಗಳಲ್ಲಿ ಆಳವಾದ ಸಾಮಾನು ಗೂಡು ಮಾಡಿ.

ಕೊಳಾಯಿಕೀಲಿ

ಅತಿಥಿ ಶೌಚಾಲಯ ಅಲ್ಲಿಗೆ ಬಂದರೆ ಆರೂವರೆ ಮೀಟರ್ ಎರಡೂವರೆಗೆ ಇಳಿಯಿತು. ವಾಟಕ್ಕೆ 5 ಸೆಂ.ಮೀ. ಸಾಕು. ಇದಕ್ಕೆ ನನ್ನ ಒಪ್ಪಿಗೆ. ಅದಕ್ಕೆ ಕಿಟಕಿ ಇಲ್ಲ, ಫ್ಯಾನಿನ ಪೈಪು ಬಚ್ಚಲ ಮೇಲಿನಿಂದ ಹೊರಗೋಡೆಗೆ ಒಯ್ಯಬೇಕು, ಸ್ಲ್ಯಾಬ್ ಹಾಕುವಾಗಲೇ ಬೀಮ್‌ನಲ್ಲಿ ಪೈಪು ತೂರುವ ತೋಳು (ಸ್ಲೀವ್) ಬಿಡಿಸಿ.

ರಸಮಟ್ಟ

ಮೂರು ಪ್ರಶ್ನೆ.

13 × 10.5 ಅನ್ನೋದು ಬರೀ ಇಟ್ಟಿಗೆಯ ಅಳತೆಯಾ, ಗಾರೆ ಆದ ಮೇಲಿನದಾ? ನೀವು 10ರ ಗೋಡೆ ಅಂತ ಹಿಡಿದಿದ್ದೀರಿ, ಎರಡು ಬದಿ 12 ಮಿ.ಮೀ. ಗಾರೆ ಸೇರಿದರೆ ಅದು 12.4. ಹೊರಗೋಡೆಯ ಒಳಮೈಗೆ 15 ಮಿ.ಮೀ. ಗಾರೆ. ಹಾಗಾಗಿ ಮನೆಯ ಆಳದಲ್ಲಿ ಎರಡು ಗೋಡೆ, ಎರಡು ಹೊರಗೋಡೆಯ ಒಳಮೈ ಸೇರಿ 8 ಸೆಂ.ಮೀ. ಕಾಣೆ. ಅಗಲದಲ್ಲಿ ಮೂರು ಗೋಡೆ, 10 ಸೆಂ.ಮೀ. ಕಾಣೆ. ಅಡುಗೆಮನೆಯ 360 ಲೆಕ್ಕ ಸೆಂ.ಮೀ. ಬಿಡದೆ ಜೋಡಿಸಿದ್ದು, ಅಲ್ಲಿ 4 ಹೋದರೂ 120ರ ಓಡಾಟ 116 ಆಗುತ್ತೆ. ಎಲ್ಲಿ ಕಳೆದುಕೊಳ್ಳಬೇಕು ಅಂತ ಈಗಲೇ ತೀರ್ಮಾನಿಸಿ. ನಾನಾದರೆ ಹಾಲ್ ಮತ್ತು ಮುಂದಿನ ಸಾಲಿನಲ್ಲಿ ಕಳೆದು, ಅಡುಗೆಮನೆ ಹಾಗೂ ಪ್ಯಾಸೇಜನ್ನು ಗಾರೆ ಮೇಲಿನ ಅಳತೆಯಾಗಿ ನಕ್ಷೆಯಲ್ಲಿ ಬರೆಸುತ್ತೇನೆ.

ಕಂಬಗಳ ಅಗಲ ಎಷ್ಟು? 23 ಅಂತಾದರೆ 10ರ ಗೋಡೆಯಿಂದ 13 ಹೊರಗೆ ಚಾಚುತ್ತೆ. ಅದು ಪ್ಯಾಸೇಜಿನ ಕಡೆ ಚಾಚಿದರೆ 1.1 ಹೋಗಿ 97 ಸೆಂ.ಮೀ. ಆಗುತ್ತೆ, ವಾಕರ್ ಮತ್ತು ಇನ್ನೊಬ್ಬರು ಒಟ್ಟಿಗೆ ದಾಟೋದು ಕಷ್ಟ. ಚಾಚು ಬೀರು, ಉಗ್ರಾಣ, ಮೆಟ್ಟಿಲ ಗೂಡಿನ ಕಡೆಗೆ ತಿರುಗಿಸಿ. ಮೇಲ್ಮಹಡಿಯ ಗೋಡೆಗಳೂ ಈ ಸಾಲುಗಳ ಮೇಲೇ ಕೂರಬೇಕು. ಮೇಲೆ ಬೇರೆ ನಕ್ಷೆ, ಕೆಳಗೆ ಬೇರೆ ನಕ್ಷೆ ಆದರೆ ಊಟದ ಕೋಣೆಯ ನಡುವೆ ತೊಲೆ ಇಳಿಯುತ್ತೆ.

ಮುಂಬಾಗಿಲಿಂದ ಮೊದಲ ಮೆಟ್ಟಿಲಿಗೆ ಎಷ್ಟಿದೆ?

ಹೊಸಪಾಯ

ಅಳತೆ ಬರೀ ಇಟ್ಟಿಗೆಯದು, ತಿದ್ದಿಸುತ್ತೇನೆ. ಮೆಟ್ಟಿಲಿನ ಉದ್ದ ಎಂಟು ಪಟ್ಟಿ 224, ತಿರುವು 110, ಒಟ್ಟು 334. 560ರಲ್ಲಿ ಅದನ್ನು ಕಳೆದರೆ ಮುಂದೆ 226.

ರಸಮಟ್ಟ

ಬಾಗಿಲ ರೆಕ್ಕೆ ಒಂದು ಮೀಟರ್, ಮೆಟ್ಟಿಲ ಬುಡದಲ್ಲಿ ನಿಲ್ಲೋಕೆ 110. ಒಟ್ಟು 210. ಗಾರೆ ಕಳೆದರೂ ನಡೆಯುತ್ತೆ, ಆದರೆ ಅದಕ್ಕಿಂತ ಒಂದಿಂಚೂ ಕಡಿಮೆ ಮಾಡಬೇಡಿ. ರೆಕ್ಕೆ ಹಾಲ್ ಗೋಡೆಯ ಕಡೆಗೆ ತೆರೆದು ನಿಲ್ಲಲಿ, ಹಾಲ್‌ನ ಬಾಗಿಲನ್ನು ಅಷ್ಟು ಹಿಂದಕ್ಕೆ ಸರಿಸಿ.

ಉಳಿಬಾಚಿ

ಹತ್ತು ಜನರ ಪಾದರಕ್ಷೆ ಎಲ್ಲಿ? ತಲೆಗೆ ಮೂರು ಜೊತೆ ಅಂದರೂ 30. ಒಂದು ಜೊತೆಗೆ 22 ಸೆಂ.ಮೀ. ಅಗಲ. ಹಿರಿಯರ ಕೋಣೆಯ ಗೋಡೆಗೆ ಅಂಟಿಸಿ, ಪ್ಯಾಸೇಜ್ ಶುರುವಾಗುವ ಮೊದಲಿನ 2.2 ಮೀ. ಉದ್ದಕ್ಕೆ 35 ಆಳದ ಹಲಗೆ ಹಾಕಿದರೆ ಒಂದು ಸಾಲಿಗೆ ಹತ್ತು ಜೊತೆ. ಅಲ್ಲಿ ಒಟ್ಟು ಅಗಲ ಮೂರೂವರೆ ಮೀಟರ್ ಹತ್ತಿರ ಇರುವುದರಿಂದ 35 ಕಳೆದರೆ ಅಡ್ಡಿಯಿಲ್ಲ. ಎರಡು ಸಾಲು ಕೂರುವ ಹಲಗೆಯ ಕೆಳಗೆ, ಹಲಗೆಯ ಎತ್ತರ 45. ಉಳಿದ ಒಂದು ಸಾಲಿಗೆ ಮೆಟ್ಟಿಲ ಗೂಡಿನ ತಗ್ಗು ತುದಿ. ಹಲಗೆಯ ಮೇಲೆ ಬ್ಯಾಗ್ ಕೊಕ್ಕೆ ಎರಡು ಎತ್ತರದಲ್ಲಿ: ಮಕ್ಕಳಿಗೆ 110, ದೊಡ್ಡವರಿಗೆ 160, ಒಂದಕ್ಕೊಂದು 20 ಸೆಂ.ಮೀ. ದೂರ. ತುಂಬಿದ ಶಾಲೆ ಬ್ಯಾಗಿನ ದಪ್ಪಕ್ಕೆ 15 ಸಾಲದು.

ಉಗ್ರಾಣದ ಹಲಗೆ 30 ಆಳ ಸಾಕು, ನೆಲದ ಸಾಲು ಮಾತ್ರ 45. ಆಳ ಹೆಚ್ಚಿದಷ್ಟೂ ಹಿಂದಿನ ಡಬ್ಬ ಮರೆತುಹೋಗುತ್ತದೆ, ಅದೇ ಸಾಮಾನು ಮತ್ತೆ ಕೊಂಡು ತರುತ್ತೀರಿ. ಉಗ್ರಾಣದ ಬಾಗಿಲು ಒಳಕ್ಕೆ ತೆರೆಯಬಾರದು, ಒಳಗಿನ ಹಲಗೆಗೇ ಬಡಿಯುತ್ತದೆ.

ಬೆಳಕಿಂಡಿ

ಅಡ್ಡ ಪ್ಯಾಸೇಜಿನ ಬಲತುದಿ ಹೊರಗೋಡೆಗೆ ತಾಗುತ್ತೆ ಅಲ್ವಾ? ಅಲ್ಲಿ ನೆಲದಿಂದ ಮೇಲಕ್ಕೆ ಉದ್ದ ಕಿಟಕಿ ಇಡಿ. ಮೆಟ್ಟಿಲು ಮನೆಯ ಒಳಗೆ ಸಿಕ್ಕಿದೆ, ಅದಕ್ಕೆ ಬೆಳಕು ಮೇಲಿನಿಂದಲೇ ಬರಬೇಕು. ಮೇಲ್ಮಹಡಿಯ ಚಾವಣಿಯಲ್ಲಿ ಬೆಳಕುಗಂಡಿ ಬಿಡಿಸಿ. ಹಿರಿಯರ ಮಂಚದಿಂದ ಬಚ್ಚಲವರೆಗೆ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಎರಡು ಸಣ್ಣ ರಾತ್ರಿದೀಪ, ಚಲನೆಗೆ ತಾನೇ ಹತ್ತುವಂಥದ್ದು.

ಊರುಗೋಲು

ಇದೇ ನಕ್ಷೆಗೆ ಇನ್ನೊಂದು ಮಾತು. ಕೆಲಸ ಶುರುವಾಗುವ ಮೊದಲು ಇದನ್ನು ಬಯಲಲ್ಲಿ ಸುಣ್ಣದ ಗೆರೆಯಲ್ಲಿ ನಿಜವಾದ ಅಳತೆಗೇ ಎಳೆಯಿರಿ. ಮೇಜಿನ ಜಾಗಕ್ಕೆ 240 × 100ರ ಹಗ್ಗ, ಸುತ್ತ ಕುರ್ಚಿ, ಬಾಗಿಲ ರೆಕ್ಕೆಗೆ ಒಂದು ಕೋಲು. ಬೆಳಗಿನ ಏಳು ಗಂಟೆಯಂತೆ ಹತ್ತೂ ಜನ ಒಟ್ಟಿಗೆ ಓಡಾಡಿ. ವಾಕರ್‌ನವರು ಮಂಚದಿಂದ ಬಚ್ಚಲಿಗೆ ಹೋಗಿ ತಿರುಗಿ ಬರಲಿ. ಕಾಗದದ ಮೇಲೆ 1.1ರ ಪ್ಯಾಸೇಜ್ ಧಾರಾಳವಾಗಿ ಕಾಣುತ್ತದೆ, ಬಟ್ಟೆಬುಟ್ಟಿ ಹಿಡಿದವರು ಎದುರಾದಾಗ ಗೊತ್ತಾಗುತ್ತದೆ.

ಹೊಸಪಾಯ

ಭಾನುವಾರ ಎಳೆಯುತ್ತೇವೆ. ಕೊನೆಯ ಅನುಮಾನ: ಹಿರಿಯರ ಕೋಣೆಯ ಬಾಗಿಲು ಉದ್ದ ಪ್ಯಾಸೇಜಿಗೆ ತೆರೆಯುತ್ತದೆ. ಕೀಲು ಯಾವ ಕಡೆ?

ಊರುಗೋಲು

ರೆಕ್ಕೆ ಕೋಣೆಯೊಳಕ್ಕೆ, ಕೀಲು ಬಚ್ಚಲ ಕಡೆಗಲ್ಲ, ಮುಂಬಾಗಿಲ ಕಡೆಗೆ. ಹಾಗಾದರೆ ತೆರೆದ ರೆಕ್ಕೆ ಬಚ್ಚಲ ದಾರಿಗೆ ಅಡ್ಡ ಬರುವುದಿಲ್ಲ, ಮುಂಬಾಗಿಲಲ್ಲಿ ನಿಂತವರಿಗೆ ಮಂಚವೂ ನೇರ ಕಾಣುವುದಿಲ್ಲ. ಹಿಡಿಯ ಬದಿಯಲ್ಲಿ ಗೋಡೆಯಿಂದ 45 ಸೆಂ.ಮೀ. ಬಿಟ್ಟು ಚೌಕಟ್ಟು ಕೂರಿಸಿ, ವಾಕರ್ ನಿಲ್ಲಿಸಿ ಹಿಡಿ ತಿರುಗಿಸಲು ಅಷ್ಟು ಬೇಕು. ಹಿಡಿ ಉರುಟಾಗಿರುವುದು ಬೇಡ, ಕೆಳಕ್ಕೆ ಒತ್ತುವ ಉದ್ದನೆಯದು ಹಾಕಿಸಿ.